ಹೊಲವೆಂಬ ಪ್ರಯೋಗಶಾಲೆ

ಭೌತವಿಜ್ಞಾನದ ಪ್ರಯೋಗಶಾಲೆಯಲ್ಲಿ ಲೋಲಕದ ಆಂದೋಲನ ಕಾಲವನ್ನು ಅಳೆಯುವ ವಿದ್ಯಾರ್ಥಿಗೆ ಎರಡು ಸೌಕರ್ಯಗಳುಂಟು. ಎಣಿಕೆ ತಪ್ಪಿದರೆ ಗುಂಡನ್ನು ಮತ್ತೆ ಒಂದಿಷ್ಟು ಎಳೆದುಬಿಟ್ಟು ಎಣಿಕೆಯನ್ನು ಮೊದಲಿನಿಂದ ಪ್ರಾರಂಭಿಸಬಹುದು. ಪಕ್ಕದ ಮೇಜಿನಲ್ಲಿ ಇನ್ನೊಬ್ಬ ವಿದ್ಯಾರ್ಥಿ ದರ್ಪಣದ ನಾಭಿದೂರವನ್ನು ಕಂಡುಹಿಡಿಯುತ್ತಿದ್ದರೆ ಅದರಿಂದ ಲೋಲಕಕ್ಕೆ ಯಾವ ಬಾಧೆಯೂ ಇಲ್ಲ. ಹೊಲದಲ್ಲಿ ಪ್ರಯೋಗ ನಡೆಸುವವರಿಗೆ ಈ ಎರಡೂ ಸೌಕರ್ಯಗಳಿಲ್ಲ. ಈ ಮುಂಗಾರಿನಲ್ಲಿ ಕೆಟ್ಟ ಪ್ರಯೋಗವನ್ನು ಮತ್ತೆ ಮಾಡಬೇಕಾದರೆ ಮುಂದಿನ ಮುಂಗಾರಿನವರೆಗೆ ಕಾಯಬೇಕು. ಆ ಮುಂಗಾರು ಈ ಮುಂಗಾರಿನಂತೆಯೇ ಇರುವುದೂ ಇಲ್ಲ. ಪಕ್ಕದ ತಾಕಿನಲ್ಲಿ ಇನ್ನೊಬ್ಬರು ಬಿತ್ತಿದ ಬೆಳೆಯ ಪರಾಗ, ಹರಿಸಿದ ನೀರು, ಚೆಲ್ಲಿದ ಗೊಬ್ಬರ, ನೆಟ್ಟ ಮರದ ನೆರಳು ಇವೆಲ್ಲವೂ ಬದುವನ್ನು ದಾಟಿ ಇತ್ತ ಬರುತ್ತವೆ.

ಒಂದು ಕೃಷಿ ವಿಶ್ವವಿದ್ಯಾನಿಲಯದಲ್ಲಿ ಏಕಕಾಲದಲ್ಲಿ ಹತ್ತಾರು ಸಂಶೋಧನ ಯೋಜನೆಗಳು ನಡೆಯುತ್ತಿರುತ್ತವೆ. ಹೊಲ ಒಂದೇ, ನೀರಿನ ಮೂಲ ಒಂದೇ, ಗಾಜಿನ ಮನೆ ಒಂದೇ, ಕಾಳನ್ನು ಒಣಗಿಸುವ ಯಂತ್ರ ಒಂದೇ. ಇವನ್ನು ಯಾರು ಯಾವಾಗ ಎಷ್ಟು ಬಳಸಬೇಕೆಂದು ಗೊತ್ತುಮಾಡುವ ಕೆಲಸಕ್ಕೆ ಸಮನ್ವಯವೆಂದು ಹೆಸರು. ಇದು ಕಡತಗಳನ್ನು ಓಡಾಡಿಸುವ ಕಚೇರಿಯ ಕೆಲಸವೆಂದು ಹೊರಗಿನವರಿಗೆ ತೋರಬಹುದು. ಆದರೆ ಹೊಲದ ಅಳತೆ ಸರಿಯೋ ತಪ್ಪೋ ಎಂಬುದನ್ನು ಬಹುಮಟ್ಟಿಗೆ ಈ ಕೆಲಸವೇ ನಿರ್ಧರಿಸುತ್ತದೆ. ಅದು ಹೇಗೆಂಬುದನ್ನು ಕೆಲವು ಉದಾಹರಣೆಗಳ ಮೂಲಕ ಪರಿಶೀಲಿಸೋಣ.

ಒಂದೇ ಸೂರಿನಡಿ ಮೂರು ಕೆಲಸ

ಅಮೆರಿಕದಲ್ಲಿ 1862ರಲ್ಲಿ ಮಾರಿಲ್ ಶಾಸನವು ಅಂಗೀಕೃತವಾಯಿತು. ಅದರ ಮೇರೆಗೆ ಕೇಂದ್ರ ಸರ್ಕಾರವು ಪ್ರತಿಯೊಂದು ಸಂಸ್ಥಾನಕ್ಕೂ ಭೂಮಿಯನ್ನು ಕೊಟ್ಟು, ಅದರಿಂದ ಬಂದ ಹಣದಲ್ಲಿ ಕೃಷಿಯನ್ನೂ ಯಂತ್ರಕಲೆಗಳನ್ನೂ ಬೋಧಿಸುವ ಕಾಲೇಜುಗಳನ್ನು ತೆರೆಯಲು ಅವಕಾಶ ಮಾಡಿತು. 1887ರ ಹ್ಯಾಚ್ ಶಾಸನದಿಂದ ಆ ಕಾಲೇಜುಗಳಿಗೆ ಪ್ರಯೋಗಕ್ಷೇತ್ರಗಳು ಸೇರಿಕೊಂಡವು. 1914ರ ಸ್ಮಿತ್-ಲೀವರ್ ಶಾಸನದಿಂದ ಸಂಶೋಧನೆಯ ಫಲವನ್ನು ರೈತರ ಮನೆಬಾಗಿಲಿಗೆ ಮುಟ್ಟಿಸುವ ವಿಸ್ತರಣ ಕಾರ್ಯವೂ ಸೇರಿತು. ಬೋಧನೆ, ಸಂಶೋಧನೆ, ವಿಸ್ತರಣೆ ಈ ಮೂರೂ ಹೀಗೆ ಒಂದೇ ಸೂರಿನಡಿ ಬಂದವು.

ನಮ್ಮ ದೇಶದಲ್ಲಿ ಈ ಮಾದರಿಯ ಮೊದಲ ಕೃಷಿ ವಿಶ್ವವಿದ್ಯಾನಿಲಯವು 1960ರಲ್ಲಿ ಪಂತನಗರದಲ್ಲಿ ಸ್ಥಾಪಿತವಾಯಿತು. ಅದರ ರೂಪರೇಖೆಯನ್ನು ಸಿದ್ಧಪಡಿಸುವುದರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾನಿಲಯವು ನೆರವಾಯಿತು. 1964ರಲ್ಲಿ ಅಂದಿನ ಮೈಸೂರು ರಾಜ್ಯವೂ ಇದೇ ಮಾದರಿಯಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯವನ್ನು ಸ್ಥಾಪಿಸಿತು. ಮೂರು ಕೆಲಸಗಳು ಒಂದೆಡೆ ಸೇರಿದುದರಿಂದ ದೊರೆತ ಲಾಭ ಬಹಳ. ಆದರೆ ಅದರೊಡನೆ ಒಂದು ಇಕ್ಕಟ್ಟೂ ಬಂದಿತು. ವಿದ್ಯಾರ್ಥಿಗಳು ಹೆಚ್ಚಿದಂತೆ ತರಗತಿಗಳಿಗೂ ವಸತಿಗೃಹಗಳಿಗೂ ಜಾಗ ಬೇಕಾಗುತ್ತದೆ. ಪ್ರಯೋಗಗಳಿಗೂ ಜಾಗ ಬೇಕಾಗುತ್ತದೆ. ಎರಡೂ ನ್ಯಾಯವಾದ ಬೇಡಿಕೆಗಳೇ. ಈ ಇಕ್ಕಟ್ಟು ಎಲ್ಲಿಗೆ ಮುಟ್ಟಬಹುದೆಂಬುದನ್ನು ಇಲಿನಾಯ್ ವಿಶ್ವವಿದ್ಯಾನಿಲಯದ ಒಂದು ಪ್ರಸಂಗವು ಚೆನ್ನಾಗಿ ತೋರಿಸುತ್ತದೆ.

ನೆಲದೊಳಗೆ ಇಳಿದ ಗ್ರಂಥಾಲಯ

ಆ ವಿಶ್ವವಿದ್ಯಾನಿಲಯದ ಆವರಣದ ನಡುವೆ ಮಾರೋ ತಾಕುಗಳೆಂಬ ಒಂದು ಚಿಕ್ಕ ಹೊಲವಿದೆ. ಇದರಲ್ಲಿ 1876ರಿಂದ ಇಂದಿನವರೆಗೆ ಎಡೆಬಿಡದೆ ಪ್ರಯೋಗ ನಡೆಯುತ್ತಿದೆ. ಅಮೆರಿಕದಲ್ಲಿ ಇದಕ್ಕಿಂತ ಹಳೆಯ ಪ್ರಯೋಗದ ಹೊಲ ಬೇರೆ ಇಲ್ಲ. ಮೊದಲು ಹತ್ತು ತಾಕುಗಳಿದ್ದವು. ಆವರಣವು ಬೆಳೆದಂತೆ ಅವು ಕಡಿಮೆಯಾಗಿ ಈಗ ಮೂರೇ ಉಳಿದಿವೆ. ಒಂದರಲ್ಲಿ ಪ್ರತಿ ವರ್ಷವೂ ಮುಸುಕಿನ ಜೋಳವನ್ನೇ ಬೆಳೆಯುತ್ತಾರೆ. ಎರಡನೆಯದರಲ್ಲಿ ಮುಸುಕಿನ ಜೋಳ ಮತ್ತು ಓಟ್ಸ್ ಧಾನ್ಯವನ್ನು ಸರದಿಯಂತೆ ಬೆಳೆಯುತ್ತಿದ್ದರು. 1967ರಿಂದ ಓಟ್ಸ್ ಬದಲು ಸೋಯಾ ಅವರೆ ಬಂದಿದೆ. ಮೂರನೆಯದರ ಸರದಿಯಲ್ಲಿ ಇವಲ್ಲದೆ ದ್ವಿದಳ ಜಾತಿಯ ಮೇವಿನ ಬೆಳೆಯೂ ಸೇರಿದೆ.

ಕೇಳುವ ಪ್ರಶ್ನೆ ಬಹು ಸರಳ: ಒಂದೇ ನೆಲದಲ್ಲಿ ಒಂದೇ ಬೆಳೆಯನ್ನು ತಲೆಮಾರುಗಳ ಕಾಲ ತೆಗೆದರೆ ಮಣ್ಣಿಗೆ ಏನಾಗುತ್ತದೆ? ಉತ್ತರ ದೊರೆಯುವುದು ಮಾತ್ರ ತಲೆಮಾರುಗಳ ಅನಂತರವೇ. ಗೊಬ್ಬರ ಕಾಣದೆ ವರ್ಷವೂ ಮುಸುಕಿನ ಜೋಳವನ್ನೇ ಹೊತ್ತ ನೆಲದಲ್ಲಿ ಸಾವಯವ ಪದಾರ್ಥವು ಕ್ರಮೇಣ ಕುಗ್ಗಿತು, ಇಳುವರಿಯೂ ಕುಗ್ಗಿತು. ಸರದಿಯ ಬೆಳೆ ಕಂಡ ನೆಲ ಅದಕ್ಕಿಂತ ಮೇಲಾಗಿ ಉಳಿಯಿತು. ಎಂಭತ್ತು ವರ್ಷ ಬಡವಾಗಿದ್ದ ನೆಲದ ಒಂದು ಭಾಗಕ್ಕೆ 1955ರಿಂದ ಸುಣ್ಣ, ಸಾರಜನಕ, ರಂಜಕ, ಪೊಟ್ಯಾಷ್‌ಗಳನ್ನು ಕೊಟ್ಟಾಗ ಇಳುವರಿಯು ಬಹುವಾಗಿ ಏರಿತು. 2007ರಲ್ಲಿ ಕೆಲವು ವಿಜ್ಞಾನಿಗಳು ಈ ತಾಕುಗಳ ಹಳೆಯ ಅಳತೆಗಳನ್ನು ಹೊಸ ದೃಷ್ಟಿಯಿಂದ ನೋಡಿ, ಸಾರಜನಕದ ರಾಸಾಯನಿಕ ಗೊಬ್ಬರವು ಮಣ್ಣಿನ ಇಂಗಾಲವನ್ನು ಉಳಿಸುತ್ತದೆಯೋ ಕಳೆಯುತ್ತದೆಯೋ ಎಂಬ ದೊಡ್ಡ ಚರ್ಚೆಯನ್ನು ಎಬ್ಬಿಸಿದರು. ಪ್ರಯೋಗವನ್ನು ಪ್ರಾರಂಭಿಸಿದವರ ಮನಸ್ಸಿನಲ್ಲಿ ಈ ಪ್ರಶ್ನೆ ಸುಳಿದೇ ಇರಲಾರದು. ದೀರ್ಘಕಾಲದ ಪ್ರಯೋಗದ ಬೆಲೆ ಇರುವುದು ಇಲ್ಲಿಯೇ: ಹುಟ್ಟದೇ ಇರುವ ಪ್ರಶ್ನೆಗಳಿಗೂ ಅದು ಉತ್ತರವನ್ನು ಕಾದಿರಿಸುತ್ತದೆ.

1960ರ ದಶಕದಲ್ಲಿ ಅದೇ ವಿಶ್ವವಿದ್ಯಾನಿಲಯಕ್ಕೆ ಪದವಿ ತರಗತಿಗಳ ವಿದ್ಯಾರ್ಥಿಗಳಿಗಾಗಿ ಹೊಸ ಗ್ರಂಥಾಲಯವೊಂದು ಬೇಕಾಯಿತು. ಅನುಕೂಲವಾದ ಸ್ಥಳವಿದ್ದುದು ಮಾರೋ ತಾಕುಗಳ ಮಗ್ಗುಲಲ್ಲಿ. ಅಲ್ಲಿ ಎತ್ತರದ ಕಟ್ಟಡವೆದ್ದರೆ ಬೆಳೆಯ ಮೇಲೆ ನೆರಳು ಬೀಳುವ ಭಯವಿತ್ತು. ಹೊಲವನ್ನು ಬೇರೆಡೆಗೆ ಸಾಗಿಸುವುದು ಸಾಧ್ಯವಿರಲಿಲ್ಲ. ತೊಂಬತ್ತು ವರ್ಷಗಳ ಚರಿತ್ರೆಯಿದ್ದುದು ಆ ಮಣ್ಣಿನಲ್ಲಿ. ಕೊನೆಗೆ ಗ್ರಂಥಾಲಯವನ್ನೇ ನೆಲದ ಕೆಳಗೆ ಎರಡು ಅಂತಸ್ತುಗಳಾಗಿ ಕಟ್ಟಿ, ನಡುವೆ ತೆರೆದ ಅಂಗಳವನ್ನಿಟ್ಟು, ಬೆಳಕು ಇಳಿಯುವಂತೆ ಮಾಡಿದರು. 1969ರಲ್ಲಿ ಅದು ತೆರೆಯಿತು. 2022ರಲ್ಲಿ ಅದನ್ನು ಮುಚ್ಚಿ, ಪ್ರಾಚೀನ ದಾಖಲೆಗಳ ಮತ್ತು ಅಪೂರ್ವ ಗ್ರಂಥಗಳ ಭಂಡಾರವಾಗಿ ಮಾರ್ಪಡಿಸುವ ಕೆಲಸಕ್ಕೆ ಕೈಹಾಕಿದರು. ಪಕ್ಕದ ಹೊಲದಲ್ಲಿ ಮಾತ್ರ ಬಿತ್ತನೆ ನಿಂತಿಲ್ಲ.

ನೆರಳಿನ ಲೆಕ್ಕ

ಸ್ವಲ್ಪ ನೆರಳಿಗಾಗಿ ಇಷ್ಟೊಂದು ಶ್ರಮವೇಕೆಂದು ಕೆಲವರಿಗೆ ಅನಿಸಬಹುದು. ತ್ರಿಕೋನಮಿತಿಯನ್ನು ಕಲಿತ ಯಾರು ಬೇಕಾದರೂ ಇದರ ಲೆಕ್ಕವನ್ನು ಹಾಕಬಹುದು. ಕಟ್ಟಡದ ಎತ್ತರವನ್ನು ಸೂರ್ಯನ ಉನ್ನತಿಕೋನದ ಟ್ಯಾನ್ ಬೆಲೆಯಿಂದ ಭಾಗಿಸಿದರೆ ನೆರಳಿನ ಉದ್ದ ಬರುತ್ತದೆ. 10 ಮೀಟರು ಎತ್ತರದ ಕಟ್ಟಡವನ್ನು ಭಾವಿಸಿಕೊಳ್ಳೋಣ. ಸೂರ್ಯನು 45 ಡಿಗ್ರಿ ಮೇಲಿದ್ದಾಗ ನೆರಳು 10 ಮೀಟರು. 30 ಡಿಗ್ರಿಗೆ ಇಳಿದಾಗ ಸುಮಾರು 17 ಮೀಟರು. 15 ಡಿಗ್ರಿಗೆ ಇಳಿದಾಗ ಸುಮಾರು 37 ಮೀಟರು.

ಸ್ಥಳದ ಅಕ್ಷಾಂಶಕ್ಕೆ ತಕ್ಕಂತೆ ಈ ಲೆಕ್ಕ ಬದಲಾಗುತ್ತದೆ. ಇಲಿನಾಯ್ ವಿಶ್ವವಿದ್ಯಾನಿಲಯವಿರುವುದು ಉತ್ತರ ಅಕ್ಷಾಂಶ 40 ಡಿಗ್ರಿಯ ಸಮೀಪದಲ್ಲಿ. ಅಲ್ಲಿ ನಡುಹಗಲಿನ ನೆರಳು ವರ್ಷವಿಡೀ ಉತ್ತರಕ್ಕೇ ಬೀಳುತ್ತದೆ. ಬೆಂಗಳೂರು ಇರುವುದು 13 ಡಿಗ್ರಿಯಲ್ಲಿ. ಇಲ್ಲಿ ಡಿಸೆಂಬರ್ ತಿಂಗಳ ನಡುಹಗಲಿನಲ್ಲಿ 10 ಮೀಟರಿನ ಕಟ್ಟಡದ ನೆರಳು ಸುಮಾರು 7 ಮೀಟರು ಉತ್ತರಕ್ಕೆ ಚಾಚಿದರೆ, ಜೂನ್ ತಿಂಗಳಲ್ಲಿ ಸೂರ್ಯನು ತಲೆಯಿಂದ ಉತ್ತರಕ್ಕೆ ಸರಿದಿರುವುದರಿಂದ ನೆರಳು ಸುಮಾರು 2 ಮೀಟರು ದಕ್ಷಿಣಕ್ಕೆ ಬೀಳುತ್ತದೆ. ಆದುದರಿಂದ ನಮ್ಮಲ್ಲಿ ಕಟ್ಟಡದ ದಕ್ಷಿಣಕ್ಕಿರುವ ಹೊಲ ಸದಾ ನಿರ್ಭಯವೆಂದು ಹೇಳುವಂತಿಲ್ಲ.

ಸಸ್ಯವು ದ್ಯುತಿಸಂಶ್ಲೇಷಣೆಯಿಂದ ಆಹಾರವನ್ನು ತಯಾರಿಸುವುದು ಬೆಳಕಿನ ಬಲದಿಂದ. ತಾಕಿನ ಒಂದು ಅಂಚಿಗೆ ಬೆಳಗಿನ ಎರಡು ಗಂಟೆಗಳ ಬಿಸಿಲು ತಪ್ಪಿದರೆ ಆ ಅಂಚಿನ ಬೆಳೆ ಸ್ವಲ್ಪ ಹಿಂದುಳಿಯುತ್ತದೆ. ಹಿಂದುಳಿದ ಕಾರಣ ನೆರಳೆಂದು ತೆನೆಯ ಮೇಲೆ ಬರೆದಿರುವುದಿಲ್ಲ. ಎರಡು ತಳಿಗಳ ನಡುವಿನ ನಿಜವಾದ ವ್ಯತ್ಯಾಸ ನೂರಕ್ಕೆ ಐದರಷ್ಟಿದ್ದು, ನೆರಳಿನಿಂದಾದ ನಷ್ಟವೂ ನೂರಕ್ಕೆ ಐದರಷ್ಟೇ ಆದರೆ ಒಳ್ಳೆಯ ತಳಿಯೂ ಸಾಧಾರಣ ತಳಿಯೂ ತಕ್ಕಡಿಯಲ್ಲಿ ಸಮನಾಗಿ ತೂಗುತ್ತವೆ.

ಇಲ್ಲಿ ಎರಡು ಬಗೆಯ ದೋಷಗಳನ್ನು ಬೇರ್ಪಡಿಸಿ ತಿಳಿಯಬೇಕು. ಮಣ್ಣಿನಲ್ಲಿ ಅಲ್ಲಲ್ಲಿರುವ ಏರುಪೇರು, ಹುಳುವಿನ ಕಾಟ, ಮೊಳೆಯದ ಬೀಜ ಮೊದಲಾದವುಗಳಿಂದ ಬರುವುದು ಆಕಸ್ಮಿಕ ದೋಷ. ಒಂದೇ ಪ್ರಯೋಗವನ್ನು ಹಲವು ತಾಕುಗಳಲ್ಲಿ ಪುನರಾವರ್ತಿಸಿ ಸರಾಸರಿ ತೆಗೆದರೆ ಇದು ಇಳಿಯುತ್ತದೆ: ನಾಲ್ಕು ತಾಕುಗಳಾದರೆ ಅರ್ಧಕ್ಕೆ, ಹದಿನಾರಾದರೆ ಕಾಲು ಭಾಗಕ್ಕೆ. 1919ರಲ್ಲಿ ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಸಂಶೋಧನ ಕೇಂದ್ರವನ್ನು ಸೇರಿದ ಸಂಖ್ಯಾಶಾಸ್ತ್ರಜ್ಞ ಆರ್. ಎ. ಫಿಷರ್ ಅವರು ಈ ಪುನರಾವರ್ತನೆಯ ಜೊತೆಗೆ, ಯಾವ ತಳಿಗೆ ಯಾವ ತಾಕು ಎಂಬುದನ್ನು ಚೀಟಿ ಎತ್ತಿದಂತೆ ಗೊತ್ತುಮಾಡುವ ಕ್ರಮವನ್ನೂ ರೂಢಿಗೆ ತಂದರು. ಎರಡನೆಯದು ಪಕ್ಷಪಾತದ ದೋಷ. ಪ್ರತಿ ಸಲವೂ ಒಂದೇ ಕಡೆಗೆ ವಾಲುವ ತಕ್ಕಡಿಯಂತೆ, ಇದು ಎಷ್ಟು ಸಲ ಅಳೆದರೂ ಹೋಗದು. ಒಂದೇ ಅಂಚಿಗೆ ವರ್ಷ ವರ್ಷವೂ ಬೀಳುವ ನೆರಳು ಈ ಜಾತಿಯದು. ಮಾರೋ ತಾಕುಗಳು ಫಿಷರ್ ಅವರಿಗಿಂತ ಹಿಂದಿನವು; ಅಲ್ಲಿ ಪುನರಾವರ್ತನೆಯಿಲ್ಲ. ಅಂತಹ ಹೊಲಕ್ಕೆ ನೆರಳು ಬಿದ್ದಿದ್ದರೆ ಅದನ್ನು ಲೆಕ್ಕದಿಂದ ತೆಗೆದುಹಾಕಲು ದಾರಿಯೇ ಇರುತ್ತಿರಲಿಲ್ಲ. ಆಕಸ್ಮಿಕ ದೋಷಕ್ಕೆ ಸಂಖ್ಯಾಶಾಸ್ತ್ರ ಮದ್ದು. ಪಕ್ಷಪಾತದ ದೋಷಕ್ಕೆ ಮೊದಲೇ ಮಾಡಿಕೊಂಡ ಏರ್ಪಾಡೇ ಮದ್ದು.

ರಾತ್ರಿಯ ದೀಪ

ಹಗಲಿನ ನೆರಳಿನಂತೆ ರಾತ್ರಿಯ ಬೆಳಕೂ ಪ್ರಯೋಗವನ್ನು ಕೆಡಿಸಬಲ್ಲದು. ಕೆಲವು ಸಸ್ಯಗಳು ಹೂಬಿಡುವ ಕಾಲವನ್ನು ಹಗಲಿರುಳುಗಳ ಉದ್ದದಿಂದ ಅರಿಯುತ್ತವೆಂಬುದನ್ನು ಗಾರ್ನರ್ ಮತ್ತು ಅಲ್ಲಾರ್ಡ್ ಎಂಬ ಅಮೆರಿಕದ ವಿಜ್ಞಾನಿಗಳು 1920ರಲ್ಲಿ ಪ್ರಕಟಿಸಿದರು. 1938ರಲ್ಲಿ ಹ್ಯಾಮ್ನರ್ ಮತ್ತು ಬಾನರ್ ಎಂಬವರು ಕ್ಸ್ಯಾಂಥಿಯಮ್ ಎಂಬ ಕಳೆಗಿಡದ ಮೇಲೆ ಪ್ರಯೋಗ ನಡೆಸಿ, ಎಡೆಬಿಡದ ಕತ್ತಲೆಯ ಅವಧಿಯೇ ಮುಖ್ಯವೆಂದು ತೋರಿಸಿದರು. ದೀರ್ಘರಾತ್ರಿಯ ನಡುವೆ ಕೆಲವೇ ನಿಮಿಷ ಬೆಳಕು ಬಿದ್ದರೂ ಆ ಗಿಡ ಹೂಬಿಡುವುದಿಲ್ಲ. ಸೋಯಾ ಅವರೆಯೂ ಇಂತಹ ಸ್ವಭಾವದ ಸಸ್ಯವೇ.

ಈಗ ಒಂದು ಗಾಜಿನ ಮನೆಯಲ್ಲಿ ಇಬ್ಬರು ಸಂಶೋಧಕರಿದ್ದಾರೆಂದು ಭಾವಿಸೋಣ. ಒಬ್ಬರು ಸೋಯಾ ಅವರೆಯ ಹೂಬಿಡುವಿಕೆಯನ್ನು ಗಮನಿಸುತ್ತಿದ್ದಾರೆ. ಇನ್ನೊಬ್ಬರು ಎಲೆ ತಿನ್ನುವ ಹುಳುಗಳನ್ನು ಎಣಿಸಲು ರಾತ್ರಿ ಹನ್ನೊಂದು ಗಂಟೆಗೆ ದೀಪ ಹಚ್ಚುತ್ತಾರೆ. ಇಬ್ಬರೂ ತಮ್ಮ ಕೆಲಸದಲ್ಲಿ ನಿಷ್ಠರು; ಆದರೂ ಮೊದಲನೆಯವರ ಗಿಡಗಳು ಹೂಬಿಡಲು ತಡಮಾಡುತ್ತವೆ. ಗೋಡೆಗೆ ತೂಗುಹಾಕಿದ ಒಂದು ವೇಳಾಪಟ್ಟಿ ಈ ನಷ್ಟವನ್ನು ತಪ್ಪಿಸಬಲ್ಲದು. ಹೆಬ್ಬಾಳದ ಸುತ್ತಿನಂತೆ, ಊರ ಹೊರಗಿದ್ದ ಕೃಷಿಕ್ಷೇತ್ರಗಳ ಸುತ್ತ ನಗರವು ಬೆಳೆದಾಗ ಬೀದಿದೀಪಗಳನ್ನೂ ಇದೇ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕಾಗುತ್ತದೆ.

ಗಾಳಿಯಲ್ಲಿ ಬರುವ ಅತಿಥಿ

ಮುಸುಕಿನ ಜೋಳದ ತುದಿಯಲ್ಲಿ ಗಂಡು ಹೂಗೊಂಚಲೂ, ಕಾಂಡದ ನಡುವೆ ರೇಷ್ಮೆಯ ಎಳೆಗಳನ್ನು ಹೊತ್ತ ಹೆಣ್ಣು ತೆನೆಯೂ ಇರುತ್ತವೆ. ಪರಾಗವನ್ನು ಒಂದರಿಂದ ಇನ್ನೊಂದಕ್ಕೆ ಒಯ್ಯುವುದು ಗಾಳಿ. ಪರಾಗದ ಕಣದ ವ್ಯಾಸ ಮಿಲಿಮೀಟರಿನ ಹತ್ತನೆಯ ಒಂದು ಭಾಗದಷ್ಟು. ನಿಶ್ಚಲ ವಾಯುವಿನಲ್ಲಿ ಅದು ಸೆಕೆಂಡಿಗೆ ಸುಮಾರು 25 ಸೆಂಟಿಮೀಟರಿನ ಸಮವೇಗದಲ್ಲಿ ಬೀಳುತ್ತದೆ. ಒಂದು ಮೀಟರು ಕೆಳಗೆ ಬೀಳಲು 4 ಸೆಕೆಂಡು ಬೇಕು. ಅಷ್ಟರಲ್ಲಿ ಸೆಕೆಂಡಿಗೆ 3 ಮೀಟರು ವೇಗದ ಗಾಳಿ ಅದನ್ನು 12 ಮೀಟರು ಸಾಗಿಸಿರುತ್ತದೆ. ಬಹುಪಾಲು ಕಣಗಳು ಹೀಗೆ ಹತ್ತಿರದಲ್ಲಿಯೇ ಇಳಿದರೂ, ಮೇಲೇಳುವ ಸುಳಿಗಾಳಿಗೆ ಸಿಕ್ಕ ಕೆಲವು ಬಹುದೂರ ಹೋಗುತ್ತವೆ.

ಈ ಕಾರಣದಿಂದ ನಮ್ಮ ದೇಶದ ಬೀಜ ಪ್ರಮಾಣೀಕರಣದ ನಿಯಮಗಳಂತೆ ಮುಸುಕಿನ ಜೋಳದ ಸಂಕರ ತಳಿಯ ಪ್ರಮಾಣಿತ ಬೀಜವನ್ನು ಬೆಳೆಯುವ ಹೊಲಕ್ಕೂ ಬೇರೆ ತಳಿಯ ಮುಸುಕಿನ ಜೋಳಕ್ಕೂ 200 ಮೀಟರು ಅಂತರವಿರಬೇಕು. ಅದಕ್ಕೆ ಹಿಂದಿನ ಹಂತದ ಮೂಲ ಬೀಜಕ್ಕೆ 400 ಮೀಟರು. ರಾಗಿಯಾದರೋ ತನ್ನ ಪರಾಗದಿಂದಲೇ ಕಾಳುಕಟ್ಟುವ ಬೆಳೆ. ಅದಕ್ಕೆ 3 ಮೀಟರು ಸಾಕು. 200 ಮೀಟರು ತ್ರಿಜ್ಯದ ವೃತ್ತದ ವಿಸ್ತೀರ್ಣವನ್ನು ಲೆಕ್ಕ ಹಾಕಿದರೆ 12 ಹೆಕ್ಟೇರಿಗೂ ಮಿಗಿಲಾಗುತ್ತದೆ, ಅಂದರೆ ಸುಮಾರು 31 ಎಕರೆ. ನಡುವೆ ಒಂದು ಸಣ್ಣ ತಾಕಿನಲ್ಲಿ ಬೀಜಕ್ಕಾಗಿ ಬೆಳೆದ ಮುಸುಕಿನ ಜೋಳವು ಸುತ್ತಲಿನ ಇಷ್ಟು ನೆಲದಲ್ಲಿ ತನ್ನ ಜಾತಿಯ ಬೇರೊಂದು ತಳಿ ಇರಕೂಡದೆಂದು ಕಟ್ಟಳೆ ಹಾಕಿದಂತಾಯಿತು. ಇಬ್ಬರು ತಳಿವಿಜ್ಞಾನಿಗಳು ಒಬ್ಬರನ್ನೊಬ್ಬರು ಕೇಳದೆ ಬಿತ್ತಿದರೆ ಇಬ್ಬರ ಬೀಜವೂ ಕೆಡುತ್ತದೆ. ಮೊದಲೇ ಕುಳಿತು ಮಾತನಾಡಿದರೆ ನಡುವಿನ ನೆಲಕ್ಕೆ ರಾಗಿಯನ್ನೋ ತೊಗರಿಯನ್ನೋ ಹಾಕಬಹುದು. ಇಲ್ಲವೆ ಒಬ್ಬರು ಕೆಲವು ವಾರ ತಡವಾಗಿ ಬಿತ್ತಿ, ಎರಡೂ ಬೆಳೆಗಳು ಏಕಕಾಲಕ್ಕೆ ಹೂಬಿಡದಂತೆ ನೋಡಿಕೊಳ್ಳಬಹುದು.

ತಕ್ಕಡಿಯ ಮುಂದಿನ ಸಾಲು

ಸುಗ್ಗಿಯ ಕಾಲದಲ್ಲಿ ಎಲ್ಲ ಯೋಜನೆಗಳ ಕಾಳೂ ಒಟ್ಟಿಗೆ ಬರುತ್ತದೆ; ಒಣಗಿಸುವ ಯಂತ್ರದ ಮುಂದೆ ಚೀಲಗಳ ಸಾಲು ನಿಲ್ಲುತ್ತದೆ. ತೇವಾಂಶವು ನೂರಕ್ಕೆ 20 ಇರುವಾಗ ತೂಗಿದ 100 ಕಿಲೋಗ್ರಾಂ ಕಾಳಿನಲ್ಲಿ ನೀರಲ್ಲದ ಪದಾರ್ಥ 80 ಕಿಲೋಗ್ರಾಂ. ಅದೇ ಕಾಳು ಒಣಗಿ ತೇವಾಂಶ ನೂರಕ್ಕೆ 12ಕ್ಕೆ ಇಳಿದರೆ ಅದರ ತೂಕ ಸುಮಾರು 91 ಕಿಲೋಗ್ರಾಂ ಮಾತ್ರ. ಒಂದು ತಳಿಯನ್ನು ಹಸಿಯಾಗಿ, ಇನ್ನೊಂದನ್ನು ಒಣಗಿಸಿ ತೂಗಿದರೆ ನೂರಕ್ಕೆ ಒಂಬತ್ತರಷ್ಟು ಹುಸಿ ವ್ಯತ್ಯಾಸ ಕಾಣುತ್ತದೆ. ಆದುದರಿಂದ ಒಂದು ಪ್ರಯೋಗದ ಚೀಲಗಳೆಲ್ಲವೂ ಒಂದೇ ಸರದಿಯಲ್ಲಿ ಒಣಗಬೇಕು. ಅದಾಗದಿದ್ದರೆ ಪ್ರತಿ ಚೀಲದ ತೇವಾಂಶವನ್ನೂ ಅಳೆದು ಲೆಕ್ಕಕ್ಕೆ ಹಿಡಿಯಬೇಕು. ಯಂತ್ರದ ಸರದಿಯ ಪಟ್ಟಿಯೂ ಹೀಗೆ ಅಳತೆಯ ಒಂದು ಅಂಗವಾಗುತ್ತದೆ.

ಸಮನ್ವಯದ ಸಲಕರಣೆಗಳು

ಈ ಕೆಲಸಕ್ಕೆ ಬೇಕಾಗುವ ಸಲಕರಣೆಗಳು ಬಹು ಸಾಧಾರಣವಾದವು. ಮೊದಲನೆಯದು ನಕ್ಷೆ: ಯಾವ ತಾಕು, ಯಾವ ಇಳಿಜಾರು, ನೀರು ಎತ್ತಣಿಂದ ಎತ್ತ ಹರಿಯುತ್ತದೆ, ಯಾವ ಮರದ ನೆರಳು ಎಲ್ಲಿಗೆ ಮುಟ್ಟುತ್ತದೆ. ಎರಡನೆಯದು ಪಂಚಾಂಗ: ಬಿತ್ತನೆ, ಹೂಬಿಡುವಿಕೆ, ಕೊಯ್ಲು, ಯಂತ್ರಗಳ ಸರದಿ. ಮೂರನೆಯದು ತಾಕಿನ ಚರಿತ್ರೆಯ ಪುಸ್ತಕ. ಮಣ್ಣಿಗೆ ನೆನಪು ಉಂಟು. ಕಳೆದ ವರ್ಷ ಒಬ್ಬರು ಹಾಕಿದ ಗೊಬ್ಬರದ ಶೇಷ ಈ ವರ್ಷ ಇನ್ನೊಬ್ಬರ ಬೆಳೆಗೆ ದಕ್ಕುತ್ತದೆ. ಪುಸ್ತಕವಿದ್ದರೆ ಆ ತಾಕನ್ನು ಗೊಬ್ಬರದ ಪ್ರಯೋಗಕ್ಕೆ ಕೊಡುವ ಮುನ್ನ ಒಂದು ವರ್ಷ ಎಲ್ಲೆಡೆಯೂ ಒಂದೇ ಬೆಳೆಯನ್ನು ಬೆಳೆದು, ನೆಲದ ಏರುಪೇರನ್ನು ಅರಿತುಕೊಳ್ಳಬಹುದು. ನಾಲ್ಕನೆಯದು, ಎರಡು ನ್ಯಾಯವಾದ ಬೇಡಿಕೆಗಳು ಎದುರಾದಾಗ ತೀರ್ಮಾನ ಹೇಳುವ ಸಮಿತಿ. ಯಾವ ಪ್ರಯೋಗವನ್ನು ಮತ್ತೆ ಮಾಡಬಹುದು, ಯಾವುದನ್ನು ಎಂದಿಗೂ ಮತ್ತೆ ಮಾಡಲಾಗದು ಎಂಬುದು ಅದರ ಮುಂದಿರಬೇಕಾದ ಮೊದಲ ಪ್ರಶ್ನೆ.

ಈ ಸಮನ್ವಯವು ಒಂದು ಆವರಣಕ್ಕೆ ಮಾತ್ರ ಸೀಮಿತವಲ್ಲ. 1957ರಲ್ಲಿ ಭಾರತದಲ್ಲಿ ಮುಸುಕಿನ ಜೋಳಕ್ಕಾಗಿ ಅಖಿಲ ಭಾರತ ಸುಸಂಘಟಿತ ಯೋಜನೆಯು ಪ್ರಾರಂಭವಾಯಿತು. ಬೇರೆ ಬೇರೆ ಪ್ರಾಂತಗಳ ಕೇಂದ್ರಗಳು ಅದೇ ತಳಿಗಳನ್ನು ಅದೇ ಕ್ರಮದಲ್ಲಿ ಬಿತ್ತಿ, ಅದೇ ರೀತಿಯಲ್ಲಿ ಅಳೆದು, ಫಲಿತಾಂಶಗಳನ್ನು ಒಂದೆಡೆ ತಂದು ಹೋಲಿಸುವುದು ಇದರ ತಿರುಳು. ಮುಂದೆ ಬತ್ತ, ಗೋಧಿ ಮುಂತಾದ ಬೆಳೆಗಳಿಗೂ ಇದೇ ಏರ್ಪಾಡು ಬಂದಿತು. ದೀರ್ಘಕಾಲದ ಪ್ರಯೋಗಗಳಲ್ಲಿಯೂ ನಮ್ಮ ದೇಶ ಹಿಂದೆ ಬಿದ್ದಿಲ್ಲ. ಕೊಯಮತ್ತೂರಿನಲ್ಲಿ 1909ರಲ್ಲಿಯೇ ಗೊಬ್ಬರದ ಶಾಶ್ವತ ಪ್ರಯೋಗವೊಂದು ಆರಂಭವಾಯಿತು. 1970ರಲ್ಲಿ ದೇಶದ ಹಲವು ಕೇಂದ್ರಗಳಲ್ಲಿ ದೀರ್ಘಾವಧಿಯ ಗೊಬ್ಬರದ ಪ್ರಯೋಗಗಳು ಪ್ರಾರಂಭವಾದವು. ಇವುಗಳ ಬೆಲೆ ಪ್ರತಿ ವರ್ಷವೂ ಏರುತ್ತದೆ, ಆದರೆ ಕಾಯುವ ಕಷ್ಟವೂ ಅದರೊಡನೆಯೇ ಏರುತ್ತದೆ. ಒಂದು ರಸ್ತೆಯನ್ನು ಅಗಲಿಸಿದರೆ ಸಾಕು, ಅರ್ಧ ಶತಮಾನದ ಅಳತೆ ಅಲ್ಲಿಗೆ ಮುಗಿಯುತ್ತದೆ.

ಈ ಎಚ್ಚರವೆಲ್ಲ ಯಾರಿಗಾಗಿ? ಎರಡು ಎಕರೆ ಖುಷ್ಕಿ ಜಮೀನಿನ ರೈತನು ವಿಶ್ವವಿದ್ಯಾನಿಲಯವು ಶಿಫಾರಸು ಮಾಡಿದ ಬೀಜವನ್ನು ನಂಬಿ ಬಿತ್ತುತ್ತಾನೆ. ಆತನಿಗೆ ಪುನರಾವರ್ತನೆಯ ಹದಿನಾರು ತಾಕುಗಳಿಲ್ಲ. ಇರುವುದು ಒಂದೇ ಹೊಲ, ಒಂದೇ ಮುಂಗಾರು. ಶಿಫಾರಸಿನ ಹಿಂದಿರುವ ಅಂಕಿಗಳಲ್ಲಿ ಯಾವುದೋ ಕಟ್ಟಡದ ನೆರಳು, ಪಕ್ಕದ ತಾಕಿನ ಪರಾಗ, ಒಣಗದ ಚೀಲದ ನೀರು ಸೇರಿಕೊಂಡಿದ್ದರೆ ಆ ತಪ್ಪಿನ ಬೆಲೆಯನ್ನು ತೆರುವವನು ಆತನೇ. ಕೃಷಿ ವಿಜ್ಞಾನವನ್ನು ಕಲಿಯಲು ಹೊರಟಿರುವ ವಿದ್ಯಾರ್ಥಿಗಳು ಸೂಕ್ಷ್ಮದರ್ಶಕವನ್ನು ಹಿಡಿಯುವಷ್ಟೇ ಶ್ರದ್ಧೆಯಿಂದ ತಾಕಿನ ಚರಿತ್ರೆಯ ಪುಸ್ತಕವನ್ನು ಬರೆಯಲು ಕಲಿಯಬೇಕೆಂದು ನಾವು ಹೇಳುವುದು ಇದಕ್ಕಾಗಿಯೇ.